ಮಾಯಾಳ ನಾಕಾ

ಪುಣೆಯ ವಾರಜೆಯ ಮಜೂರರ ನಾಕಾದಲ್ಲಿ ಹೊತ್ತು ಮೂಡುವ ಮೊದಲೇ ಮಂದಿ ಸೇರುತ್ತಾರೆ. ಗವಂಡಿ, ಬಡಿಗ, ಬಣ್ಣದವ, ಫರಸಿ ಕೂಡಿಸುವವ, ಬರೀ ಬುಟ್ಟಿ ಹೊರುವವ, ಎಲ್ಲರೂ ಒಂದೇ ಫುಟ್‌ಪಾತಿನ ಮೇಲೆ. ಗುತ್ತಿಗೆದಾರರು ಸ್ಕೂಟರಿನ ಮೇಲೆ ಬಂದು ಕೂಗುತ್ತಾರೆ. ನಾನೂ ಬುಟ್ಟಿ ಹೊರಲು ನಿಂತವನೇ. ಬೆನ್ನು ಬಾಗಿದ ಮೇಲೆ, ಯಾರನ್ನು ಯಾವ ಕೆಲಸಕ್ಕೆ ಒಯ್ಯಬೇಕೆಂದು ಗುತ್ತಿಗೆದಾರರು ನನ್ನನ್ನು ಕೇಳತೊಡಗಿದರು. "ಅವ್ವಣ್ಣಾನ್ನ ಕೇಳ್ರಿ" ಎಂದು ನನ್ನ ಹೆಸರು ಹೇಳುವುದು ಅಲ್ಲಿ ರೂಢಿಯಾಯಿತು.

ನಾನು ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಹೆಸರು ಕೇಳಿದರೆ ಅದರ ಹಿಂದೆ ಅಡ್ಡಹೆಸರು ಬರುತ್ತದೆ, ಅಡ್ಡಹೆಸರಿನ ಹಿಂದೆ ಜಾತಿ ಬರುತ್ತದೆ. ಅದರಿಂದ ಗೋಡೆ ನೆಟ್ಟಗೆ ಏಳುವುದಿಲ್ಲ. "ಕೈ ತೋರಸು" ಅನ್ನುತ್ತಿದ್ದೆ. ಗವಂಡಿಯ ಕರಣಿ ಹಿಡಿದ ಅಂಗೈ ಬೇರೆ, ಬ್ರಷ್ ಹಿಡಿದ ಅಂಗೈ ಬೇರೆ. ಸುಳ್ಳು ಹೇಳುವುದು ಬಾಯಿ, ಅಂಗೈ ಅಲ್ಲ.

ಮಗಳು ಮಾಯಾ ಚಿಕ್ಕಂದಿನಲ್ಲಿ ಕಂಕುಳಲ್ಲಿ ಕುಬಡಿ ಊರಿಕೊಂಡು ಬಂದು ನನ್ನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅವಳಿಗೆ ಒಂದು ಕಾಲಿಗೆ ಬಲವಿಲ್ಲ. ನಾವು ಯಾದಗಿರಿ ಕಡೆಯಿಂದ ಬಂದ ಹೊಸತು, ಕಟ್ಟುತ್ತಿದ್ದ ಬಿಲ್ಡಿಂಗಿನಲ್ಲಿ ಸೀರೆಯ ತೊಟ್ಟಿಲು ಕಟ್ಟಿ ಅವಳನ್ನು ಮಲಗಿಸಿ ನಾನೂ ಅವಳ ಅವ್ವನೂ ಮೇಲೆ ಕೆಲಸಕ್ಕೆ ಹತ್ತಿದ್ದೆವು. ಸೆಂಟ್ರಿಂಗಿನ ಹಲಗೆಗಳು ಜಾರಿ ತೊಟ್ಟಿಲ ಮೇಲೆ ಬಿದ್ದವು. ಕೂಸು ಉಳಿಯಿತು, ಕಾಲು ಹೋಯಿತು.

ಮಾಯಾ ಶಾಲೆ ಮುಗಿಸಿದಳು, ಕಂಪ್ಯೂಟರ್ ಡಿಪ್ಲೋಮಾ ಮುಗಿಸಿದಳು. ರಾಂಜಣಗಾಂವಕ್ಕೆ ಕೆಲಸ ಕೇಳಲು ಹೋದಾಗ ಅಲ್ಲಿಯ ಗಣಪತಿಗೆ ಕೈಮುಗಿದೇ ಕಂಪನಿಯ ಗೇಟಿಗೆ ಹೋದೆವು. ಒಳಗಿನವನು ಅವಳ ಕಾಗದ ತೆರೆಯುವ ಮೊದಲೇ ಕಾಲು ನೋಡಿ, "ಉಭಂ ರಾಹೂನ್ ಕಾಮ್ ಆಹೇ, ಬಾಬಾ," ನಿಂತು ಮಾಡುವ ಕೆಲಸ ಅಂದ. ಕುರಕುಂಭದ ಕಂಪನಿಯಲ್ಲಿ ಅಷ್ಟನ್ನೂ ಅನ್ನಲಿಲ್ಲ, ವಾಚ್‌ಮನ್ನನೇ ತಿರುಗಿ ಕಳಿಸಿದ. ಬರುವಾಗ ಬಸ್ಸಿನಲ್ಲಿ ಮಾಯಾ ಅಂದಳು, "ಯಾರೂ ಕೈ ನೋಡ್ಲಿಲ್ಲ ಅಪ್ಪಾ."

ಆಮೇಲೆ ಅವಳು ಮನೆಯಲ್ಲೇ ಕೂತು, ಹಳೇ ಲ್ಯಾಪ್‌ಟಾಪ್ ಒಂದರಲ್ಲಿ, ಸಣ್ಣದೊಂದು ಪ್ರೋಗ್ರಾಮ್ ಮಾಡಿದಳು. ಅದೇನೆಂದು ನನಗೆ ಹೇಳಿಕೊಟ್ಟದ್ದು ಇವತ್ತಿಗೂ ನೆನಪಿದೆ.

"ಒಂದೊಂದು ಫೈಲಿಗೂ ಹೆಸರಿನ ಹಿಂದ ಒಂದು ಬಾಲ ಇರ್ತದ ಅಪ್ಪಾ. ಅಡ್ಡಹೆಸರು ಇದ್ದಂಗ. ಕಂಪ್ಯೂಟರ್ ಆ ಬಾಲ ನೋಡಿನೇ ಯಾವ ಎಡಿಟರ್‌ನ್ಯಾಗ ತೆರೀಬೇಕು ಅಂತ ಠರಾಯಿಸ್ತದ."

"ಬಾಲಾನೇ ತಪ್ಪು ಇತ್ತಂದ್ರ?"

"ತಪ್ಪು ಮನಿಗಿ ಕಳಸ್ತದ. ಪತ್ರ ಒಯ್ದು ಚಿತ್ರ ತಿದ್ದೋ ಎಡಿಟರ್‌ನ್ಯಾಗ ತೆರೀತದ. ಏನೂ ಕಾಣಂಗಿಲ್ಲ, ಇಲ್ಲಾ ಬರೀ ಗಿಜಿಗಿಜಿ ಕಾಣ್ತದ."

"ಗವಂಡಿನ್ನ ಬಣ್ಣ ಹಚ್ಚಲಾಕ ಕಳಿಸಿದಂಗ."

"ಹೂಂ! ನಂದು ಬಾಲ ನೋಡಂಗಿಲ್ಲ. ಬಾಗಿಲದಾಗ ನಿಂತು ಒಳಗ ಮೊದಲನೇ ಸಾಲು ಅಷ್ಟೇ ನೋಡ್ತದ. ನೋಡಿ, ಇದು ಇಂಥಾದ್ದು ಅಂತ ತಿಳಕೊಂಡು, ಸರಿಯಾದ ಎಡಿಟರ್‌ಗೆ ಕಳಸ್ತದ."

"ಏನು ಹೆಸರಿಟ್ಟಿ?"

"ನಾಕಾ."

ಒಲೆಯ ಮುಂದೆ ಕೂತಿದ್ದ ನನ್ನ ಹೆಂಡತಿ ಯಮನವ್ವ ತಿರುಗಿ ನೋಡಿದಳು. "ಮಂದಿ ಚಂದಚಂದನ ಹೆಸರು ಇಡ್ತಾರ, ಇಕಿ ನಾಕಾ ಅಂತ ಇಟ್ಟಾಳ. ಇನ್ನ ಅದಕ ಒಂದು ಬೀಡಿ ಕಟ್ಟೂ ಕೊಡಸು!"

ಮಾಯಾ ಬಹಳ ದಿನಗಳ ಮೇಲೆ ಹಲ್ಲು ಕಾಣುವಂತೆ ನಕ್ಕಳು.

ನಾಕಾವನ್ನು ಅವಳು ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಇಟ್ಟಳು. ಯಾವ್ಯಾವುದೋ ದೇಶದವರು ತೆಗೆದುಕೊಂಡರು, ಕೆಲವರು ಒಳ್ಳೆಯ ಮಾತು ಬರೆದರು, ಕೆಲವರು ಬೈದರು. ಬೈದವರಿಗೂ ಅವಳು ಸಮಾಧಾನದಿಂದ ಉತ್ತರ ಕೊಡುತ್ತಿದ್ದಳು. ಅದರಲ್ಲಿ ಪುಣೆಯವನೇ ಒಬ್ಬ, ಓಂಕಾರ್ ಅಂತ. ಅವನ ಆಫೀಸಿನಲ್ಲಿ ದವಾಖಾನೆಗಳ ಹಳೇ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ರೋಗಿಗಳ ವರದಿ, ಎಕ್ಸ್‌ರೇ, ಎಲ್ಲ ಫೈಲಿಗೂ ತಪ್ಪು ತಪ್ಪು ಬಾಲ. ಓಂಕಾರ್ ನಾಕಾ ಹಾಕಿಕೊಂಡು ನೋಡಿದ, ಪಕ್ಕದವರಿಗೂ ಕೊಟ್ಟ, ಕಡೆಗೆ ಇಡೀ ಆಫೀಸೇ ಅದನ್ನು ಬಳಸತೊಡಗಿತು. ಒಂದು ದಿನ ಅಲ್ಲಿಯ ಮೇಲಿನ ಮ್ಯಾಡಮ್ಮು, ಕೇತಕಿ, ತಾನೇ ಫೋನ್ ಮಾಡಿದಳು. ಬೆಳಗಾವಿ ಮನೆತನದವಳು, ಕನ್ನಡದಲ್ಲೇ ಮಾತಾಡಿದಳು. ಮಾಯಾಗೆ ಪಗಾರದ ಕೆಲಸ ಕೊಡುತ್ತೇವೆ ಅಂದಳು; ಮಾಯಾ ತನ್ನ ಕಾಲಿನ ಮಾತು ಹೇಳಿದಾಗ, ಮನೆಯಲ್ಲಿ ಕೂತೇ ಮಾಡಬಹುದು ಅಂದಳು. "ನಮ್ಮ ಆಫೀಸಿಗೆ ಮೆಟ್ಟಲಾ ಭಾಳ ಅವ. ನೀವು ಬರಬ್ಯಾಡ್ರಿ, ನೌಕರಿ ಪತ್ರ ತಗೊಂಡು ಐತವಾರ ನಾನೇ ಬರ್ತೀನಿ."

ಫೋನು ಇಟ್ಟ ಮೇಲೆ ಮಾಯಾ ಬಹಳ ಹೊತ್ತು ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೂತಿದ್ದಳು.

ಐತವಾರ ಯಮನವ್ವ ಪಕ್ಕದ ಕೃಷ್ಣಾಬಾಯಿಯ ಮನೆಯಿಂದ ಕುರ್ಚಿ ತಂದಳು. ಚುರಮರಿ ನೆನೆಸಿ ಸುಸಲಾ ಮಾಡಿದಳು. ಇಲ್ಲಿ ನನ್ನ ಹೆಂಡತಿಯ ಬಗ್ಗೆ ಒಂದು ಮಾತು ಹೇಳಬೇಕು. ಪುಣೆಗೆ ಬಂದು ಇಷ್ಟು ವರ್ಷವಾದರೂ ದೊಡ್ಡವರ ಮುಂದೆ ಅವಳ ಮರಾಠಿ "ಹೋ ಬಾಯಿ", "ನಾಹಿ ಬಾಯಿ" ದಾಟುವುದಿಲ್ಲ. ಹತ್ತು ಮನೆಯ ಭಾಂಡಿ ತಿಕ್ಕಿದವಳು ಹೌದು, ಇಲ್ಲ ಅನ್ನುವ ಆ ಎರಡೇ ಮಾತಿನಲ್ಲಿ ಕಾಲ ತಳ್ಳಿದಳು. ಆದರೆ ಕನ್ನಡದವರು ಸಿಕ್ಕರೆ ಮುಗಿಯಿತು. ಬಸ್‌ಸ್ಟಾಂಡಿನಲ್ಲಿ ಸಿಕ್ಕವರನ್ನೂ ಬೀಗರೆಂದೇ ತಿಳಿಯುತ್ತಾಳೆ.

ಕೇತಕಿ ಬಂದಳು. ದೊಡ್ಡಸ್ತಿಕೆ ಇಲ್ಲದ ಹೆಣ್ಣುಮಗಳು. ಕುರ್ಚಿ ಬಿಟ್ಟು ಮಾಯಾಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ಸುಸಲಾ ಬಾಯಿಗಿಟ್ಟು, "ನಮ್ಮ ಅಜ್ಜಿ ಕೈ ರುಚಿ ಅದ ರೀ ಮಾವಶಿ ಇದರಾಗ," ಅಂದಳು.

ಯಮನವ್ವನ ಕಣ್ಣು ತುಂಬಿದವು. "ಅಯ್ಯ ನನ್ನವ್ವ, ನಮ್ಮವರೇ ಆದ್ರಲ್ಲ ನೀವು! ಇನ್ನೊಂದೀಟು ಹಾಕ್ತೀನಿ ತಡೀರಿ."

"ಬ್ಯಾಡ್ರಿ, ಹೊಟ್ಟಿ ಒಡೀತದ." ಕೇತಕಿ ನಕ್ಕು ಮಾಯಾಳ ಕಡೆ ತಿರುಗಿದಳು. "ಪತ್ರ ತಂದೀನಿ. ಒಂದೇ ಮಾತು. ನಾಳೆ ನಮ್ಮ ಸಾಹೇಬರು ಕೇಳಿದ್ರ ಹೇಳ್ಲಿಕ್ಕೆ ಬೇಕಲ್ಲಾ, ಅದು ಫೈಲ್ ಹ್ಯಾಂಗ ಗುರುತು ಹಿಡೀತದ?"

ಮಾಯಾ ಬಾಯಿ ತೆರೆಯುವಷ್ಟರಲ್ಲಿ ಯಮನವ್ವ ಸೌಟು ಹಿಡಿದೇ ಮುಂದೆ ಬಂದಳು. "ನಾ ಹೇಳ್ತೀನಿ ಕೇಳ್ರಿ. ಅದು ಬಾಲಗೀಲ ನೋಡಂಗಿಲ್ರಿ. ಸೀದಾ ಒಳಗ ಹೊಕ್ಕು ಓದತದ!"

"ಅವ್ವಾ..."

"ಸುಮ್ನಿರ. ಇಕಿಗಿ ತನ್ನ ಬಗ್ಗೆ ಹೇಳ್ಕೊಳ್ಳಾಕ ಬರಂಗಿಲ್ರಿ, ಅವರಪ್ಪನಂಗ ಮೂಕಬಸವಣ್ಣ. ಒಂದು ಹಾಳಿ ಬಿಡಂಗಿಲ್ಲ ಬಾಯಾರ, ಎಲ್ಲಾ ಓದತದ. ಓದಿದ್ದು ನೆನಪೂ ಇಟಗೋತದ."

ಕೇತಕಿಯ ಚಮಚ ತಟ್ಟೆಯಲ್ಲಿ ನಿಂತಿತು. "ನೆನಪು ಇಟಗೋತದ?"

"ಮತ್ತ! ಯಾರಿಗಿ ಯಾವ ಬ್ಯಾನಿ, ಯಾರು ಸತ್ರು, ಯಾರು ಹಡದ್ರು, ಎಲ್ಲಾ ತಿಳೀತದ ಅದಕ. ನಮ್ಮ ಮಾಯಾ ಇಲ್ಲೇ ಈ ಚಾಪಿ ಮ್ಯಾಲ ಕುಂತು ನಿಮ್ಮ ಇಡೀ ದವಾಖಾನಿ ನೋಡಬಲ್ಲಳು!"

ಅಷ್ಟು ಹೆಮ್ಮೆಯಿಂದ ಅವಳು ಏನನ್ನೂ ಹೇಳಿದ್ದನ್ನು ನಾನು ಕಂಡಿರಲಿಲ್ಲ. ಮಾಯಾ ಒಂದು ದಿನ ಅವಳಿಗೆ, ನೀವು ಹೋದ ಸಲ ಯಾವ ಎಡಿಟರ್ ಆರಿಸಿದಿರೋ ಅದನ್ನು ನಾಕಾ ನೆನಪಿಟ್ಟುಕೊಳ್ಳುತ್ತದೆ ಎಂದಿದ್ದಳು. ಆ ಒಂದು ಕಾಳನ್ನು ಇವಳು ಕಣಜ ಮಾಡಿದ್ದಳು.

ಮಾಯಾ ನಿಧಾನವಾಗಿ, ದನಿ ಏರಿಸದೆ ಬಿಡಿಸಿ ಹೇಳಿದಳು. ಮೊದಲ ಸಾಲು ಮಾತ್ರ. ಏನನ್ನೂ ಎಲ್ಲಿಗೂ ಕಳಿಸುವುದಿಲ್ಲ. ನೆನಪು ಎಡಿಟರಿನದು, ಫೈಲಿನದಲ್ಲ. ಕೇತಕಿ ತಲೆಯಾಡಿಸಿದಳು. "ನನಗ ತಿಳೀತದ ಮಾಯಾ. ನಾ ನಂಬ್ತೀನಿ." ಆದರೆ ಅವಳ ಕೈ ಬ್ಯಾಗಿನ ಬಾಯಿಯವರೆಗೆ ಹೋಗಿ ಹಿಂದಕ್ಕೆ ಬಂತು. "ಜಡ್ಡಿನ ಮಂದಿ ಕಾಗದ ಅವ ನೋಡು. ಮ್ಯಾಲಿನವರನ್ನ ಒಮ್ಮೆ ಕೇಳ್ತೀನಿ. ಪತ್ರ ಆಮ್ಯಾಲ ಕೊಡ್ತೀನಿ."

ಯಮನವ್ವ ಉಳಿದ ಸುಸಲಾ ಸ್ಟೀಲಿನ ಡಬ್ಬಿಗೆ ತುಂಬಿ ಅವಳ ಕೈಗೆ ಕೊಟ್ಟಳು. ನಾನು ರಸ್ತೆಯವರೆಗೆ ಹೋಗಿ ಬೀಳ್ಕೊಟ್ಟು ಬಂದೆ. ರಿಕ್ಷಾ ಹತ್ತುವಾಗ ಕೇತಕಿ ನನ್ನ ಮುಖ ನೋಡಲಿಲ್ಲ.

ಕೇತಕಿಯ ಫೋನು ಬಂದದ್ದು ಆ ವಾರದಲ್ಲೇ, ಯಮನವ್ವ ಭಾಂಡಿ ಕೆಲಸಕ್ಕೆ ಹೋಗಿದ್ದಾಗ. ಮಾಯಾ ನನಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಎಲ್ಲ ಕಂಪ್ಯೂಟರಿನಿಂದ ನಾಕಾ ತೆಗೆಸಿದ್ದರು. ಕೇಳದೆ ಹಾಕಿಕೊಂಡದ್ದಕ್ಕೆ ಓಂಕಾರನಿಗೂ ಬೈಗುಳ ಬಿದ್ದಿತ್ತು.

"ನೀ ಹೇಳಿದ್ದೆಲ್ಲಾ ನಾ ಹೇಳಿದೆ ಮಾಯಾ. ಆದ್ರ ನಿಮ್ಮ ಮನ್ಯಾಗ ಏನು ಹೇಳಿದ್ರು ಅಂತ ಸಾಹೇಬರು ಕೇಳಿದಾಗ, ಕೇಳಿದ್ದನ್ನ ಕೇಳಿಲ್ಲ ಅನ್ಲಿಕ್ಕೆ ನನಗ ಆಗ್ಲಿಲ್ಲ."

"ಒಳಗ ನೋಡೋದನ್ನೇ ತೆಗೆದುಬಿಡ್ತೀನ್ರಿ. ಬರೀ ಬಾಲ ನೋಡಿ ತೆರೆಯಂಗ ಮಾಡ್ತೀನಿ."

"ಅದು ಕಂಪ್ಯೂಟರ್ ತಾನೇ ಮಾಡ್ತದಲ್ಲಾ ಮಾಯಾ."

ಅಷ್ಟೇ. ಮಾಯಾ ಫೋನು ಕೆಳಗಿಟ್ಟಳು.

ಆ ಆಫೀಸಿನವರೇ ಯಾರೋ ಇಂಟರ್‌ನೆಟ್ಟಿನಲ್ಲಿ ನಾಕಾದ ಕೆಳಗೆ, ಇದು ನಿಮ್ಮ ಫೈಲು ಓದಿ ಇಟ್ಟುಕೊಳ್ಳುತ್ತದೆ, ಹುಷಾರ್ ಎಂದು ಬರೆದರು. ಮಾಯಾ ಉತ್ತರ ಬರೆದಳು, ಮತ್ತೆ ಬರೆದಳು. ಒಳಗಿನ ಕೆಲಸವನ್ನೆಲ್ಲ ಬಿಚ್ಚಿಟ್ಟಿದ್ದೇನೆ, ಯಾರು ಬೇಕಾದರೂ ನೋಡಿಕೊಳ್ಳಿ ಅಂದಳು. ಯಾರೂ ನೋಡಲಿಲ್ಲ. ಮೊದಲು ಬೈಯುತ್ತಿದ್ದವರೂ ಬೈಯುವುದನ್ನು ಬಿಟ್ಟರು. ಅದು ನನಗೆ ಎಲ್ಲಕ್ಕಿಂತ ಕೆಟ್ಟದ್ದೆನಿಸಿತು.

ಒಂದು ಮಧ್ಯಾಹ್ನ ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. "ಅಪ್ಪಾ, ಇಲ್ಲಿ ಒತ್ರಿ. ನನ್ನ ಕೈಲೆ ಆಗ್ವಲ್ದು."

"ಒತ್ತಿದ್ರ ಏನಾಗ್ತದ?"

"ನಾಕಾ ಹೋಗ್ತದ."

"ಇಟಗೊಂಡ್ರ ಏನು ತಿಂತದ ಮಗಳ?"

"ದಿನಾ ತೆರೆದು ನೋಡ್ತೀನಿ ಅಪ್ಪಾ. ಯಾರರೆ ಬಂದಾರೇನೋ ಅಂತ."

ನಾನು ಆ ಯಂತ್ರವನ್ನು ಮುಟ್ಟಿದವನಲ್ಲ. ಅವಳು ತೋರಿಸಿದ ಕಡೆ ಬೆರಳಿಟ್ಟೆ. ಸಪ್ಪಳವೂ ಆಗಲಿಲ್ಲ. ಗೋಡೆ ಕೆಡವಿದರೆ ಧೂಳಾದರೂ ಏಳುತ್ತದೆ.

"ಅವ್ವಗ ಹೇಳಬ್ಯಾಡ್ರಿ," ಅಂದಳು ಮಾಯಾ. "ಜನ್ಮದಾಗ ಒಮ್ಮೆ ನನ್ನ ಹೊಗಳ್ಯಾಳ. ಅದರಿಂದಾನೇ ಹೋತು ಅಂತ ತಿಳದ್ರ ಅಕಿ ಉಳಿಯಂಗಿಲ್ಲ."

ನಾನು ಹೇಳಲಿಲ್ಲ. ಹೇಳದೇ ಇರುವುದು ನನಗೆ ರೂಢಿ. ಆದರೆ ಯಮನವ್ವ ದಿನವೂ ಕೇಳುತ್ತಿದ್ದಳು, "ಬಾಯಾರ ಫೋನ್ ಬಂತೇನು?" ನಾವಿಬ್ಬರೂ ಇನ್ನೂ ಇಲ್ಲ ಅನ್ನುತ್ತಿದ್ದೆವು. "ಡಬ್ಬಿ ಅಲ್ಲೇ ಅದ," ಅನ್ನುತ್ತಿದ್ದಳು ಅವಳು ಧೈರ್ಯವಾಗಿ. "ನಮ್ಮ ಮಂದಿ ಅಕಿ. ಡಬ್ಬಿ ಇಟಗೊಂಡು ಕುಂದ್ರಂಗಿಲ್ಲ. ಬಂದೇ ಬರ್ತಾಳ."

ಡಬ್ಬಿ ಬಂತು. ತಂದವನು ಓಂಕಾರ್. ಹೊಸ್ತಿಲ ಹೊರಗೇ ನಿಂತು, ಮ್ಯಾಡಮ್ ಕೊಟ್ಟಿದ್ದಾರೆ ಎಂದು ಮರಾಠಿಯಲ್ಲಿ ಹೇಳಿ ಮಾಯಾಳ ಕಡೆ ನೋಡಿ ತಲೆ ತಗ್ಗಿಸಿದ. ನೀರು ಕುಡಿಯೆಂದರೂ ನಿಲ್ಲಲಿಲ್ಲ.

ಯಮನವ್ವ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದಳು. ಖಾಲಿ ಇರಲಿಲ್ಲ. ಮುಚ್ಚಳ ತೆಗೆದಳು. ಒಳಗೆ ಸಕ್ಕರೆ.

ಒಬ್ಬರ ಮನೆಯ ಡಬ್ಬಿಯನ್ನು ಖಾಲಿ ತಿರುಗಿಸಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಬೆಳಗಾವಿಯಲ್ಲಿ ಬೆಳೆದವಳಿಗೆ ಆ ರೀತಿ ಗೊತ್ತಿತ್ತು. ಅದನ್ನು ಅವಳು ನಡೆಸಿದ್ದಳು, ಅಷ್ಟೇ. ಯಮನವ್ವನಿಗೂ ಆ ರೀತಿ ಗೊತ್ತು. ಆದರೆ ಅಷ್ಟು ದಿನ ಕಾದವಳಿಗೆ ಅದು ನೆನಪಾಗಲಿಲ್ಲ, ಶುಭಸುದ್ದಿಗೆ ಸಕ್ಕರೆ ಹಂಚುವುದಷ್ಟೇ ನೆನಪಾಯಿತು.

"ಸಕ್ಕರಿ!" ಅಂದಳು. "ಕೇಳಿರೇನು? ಸಕ್ಕರಿ ಕಳಿಸ್ಯಾಳ! ನಾ ಹೇಳಿರಲಿಲ್ಲೇನು, ಆತು ನಮ್ಮ ಮಾಯಾನ ಕೆಲಸ!"

ನಾನು ಮಾಯಾಳನ್ನು ನೋಡಿದೆ. ಅವಳು ನನ್ನನ್ನು ನೋಡಿ ಬೇಡ ಎನ್ನುವಂತೆ ಕಣ್ಣು ಮುಚ್ಚಿ ತೆರೆದಳು. ಯಮನವ್ವ ಆಗಲೇ ಹೊರಗೆ ಹೋಗಿದ್ದಳು. ಕೃಷ್ಣಾಬಾಯಿಯ ಬಾಗಿಲಲ್ಲಿ ಅವಳ ಮರಾಠಿ ಕೇಳಿಸಿತು. ಹೋ, ನಾಹಿ ದಾಟಿದ ಮರಾಠಿ. "ಪೋರೀಲಾ ನೋಕರಿ ಲಾಗಲೀ ಹೋ!" ನಮ್ಮ ಹುಡುಗಿಗೆ ನೌಕರಿ ಹತ್ತಿತು. ಸಾಲುಮನೆಯವರೆಲ್ಲ ಹೊರಗೆ ಬಂದರು. ಎಲ್ಲರ ಕೈಗೂ ಅವಳು ಚಿಟಿಕೆ ಚಿಟಿಕೆ ಹಾಕುತ್ತ ಹೋದಳು.

ಕಡೆಗೆ ಒಳಗೆ ಬಂದು ಮಗಳ ಮುಂದೆ ನಿಂತಳು. ಏದುಸಿರು ಬಿಡುತ್ತಿದ್ದಳು, ಮುಖವೆಲ್ಲ ನಗು. "ಹಿಡಿ. ಎಲ್ಲಾರಿಗೂ ಕೊಟ್ಟೆ, ನಿನ್ನೇ ಮರತೆ ನೋಡು."

ಮಾಯಾ ಅಂಗೈ ಒಡ್ಡಿದಳು. ಡಬ್ಬಿಯ ತಳದಲ್ಲಿ ಉಳಿದದ್ದನ್ನೆಲ್ಲ ಯಮನವ್ವ ಅದರ ಮೇಲೆ ಸುರಿದಳು.

ನಾಕಾದಲ್ಲಿ ನಾನು ಎಷ್ಟೋ ಅಂಗೈ ನೋಡಿದವನು. ನನ್ನ ಮುಂದೆಯೇ ತೆರೆದಿದ್ದ ಆ ಅಂಗೈಯನ್ನು ಎಲ್ಲಿಗೆ ಕಳಿಸಬೇಕೆಂದು ನನಗೆ ತಿಳಿಯಲಿಲ್ಲ.