ಕರಿಬಸವಯ್ಯ ಎದ್ದರೆ ಪಿಕ್ಚರ್ ಮಲಗಿತು

ತಿಪಟೂರಿನ ಕೊಬ್ಬರಿ ವ್ಯಾಪಾರಿ ಕರಿಬಸವಯ್ಯನವರ ಹಣೆಯಲ್ಲಿ ಕೂತಲ್ಲಿ ಕೂರುವ ಯೋಗವನ್ನು ದೇವರು ಬರೆದಿರಲಿಲ್ಲ. ಮದುವೆಗೆ ಹೋದರೆ ಮುಹೂರ್ತಕ್ಕೆ ಮೊದಲೇ ಚಪ್ಪಲಿ ಹುಡುಕುತ್ತಿದ್ದರು. ಕೊಬ್ಬರಿ ಮಂಡಿಯಲ್ಲಿ ಒಳ್ಳೆಯ ಗಾದಿಯೇನೋ ಇತ್ತು, ಅದರ ಮೇಲೆ ಕೂತಿರುತ್ತಿದ್ದದ್ದು ಕ್ಯಾಲ್ಕುಲೇಟರ್ ಮಾತ್ರ. ಇವರು ಚೀಲಗಳ ನಡುವೆ ಓಡಾಡುತ್ತಲೇ ವ್ಯಾಪಾರ ಮುಗಿಸಿ, ‘ಈಗ ಬತ್ತೀನಿ’ ಎಂದು ಎಲ್ಲಿಗೋ ಹೊರಟುಬಿಡುತ್ತಿದ್ದರು. ಇಂಥವರಿಗೆ ಸಿನಿಮಾ ಹುಚ್ಚು ಬೇರೆ. ಶುಕ್ರವಾರದ ಮೊದಲ ಆಟಕ್ಕೆ ಬಾಲ್ಕನಿಯ ಅಂಚಿನ ಸೀಟು ಅವರಿಗೇ ಮೀಸಲು.

ಅವರು ಇಂಟರ್‌ವಲ್‌ಗೆ ಮೊದಲೇ ಎದ್ದು ಹೋದ ಯಾವ ಚಿತ್ರವೂ ಸೋಮವಾರದ ತನಕ ಉಸಿರಾಡಿದ್ದಿಲ್ಲ. ಮೊದಮೊದಲು ಜನ ಇದನ್ನು ತಮಾಷೆಗೆ ಆಡಿಕೊಳ್ಳುತ್ತಿದ್ದರು. ಆಮೇಲೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಥಿಯೇಟರ್‌ನವರು ಮುಂದಿನ ವಾರಕ್ಕೆ ಚಿತ್ರ ಹಾಕಿಕೊಳ್ಳುವ ಮುಂಚೆ ಫೋನ್ ಮಾಡಿ, ಸಾವ್ಕಾರ್ರು ಎದ್ದರೋ ಕೂತಿದ್ದರೋ ಎಂದು ವಿಚಾರಿಸತೊಡಗಿದರು. ಇನ್ನೂ ಬಿಡುಗಡೆಯಾಗದ ಚಿತ್ರಗಳ ಭವಿಷ್ಯವಂತೂ ಟೀ ಅಂಗಡಿಯಲ್ಲೇ ತೀರ್ಮಾನವಾಗುತ್ತಿತ್ತು. ಯಾರಾದರೂ ಟ್ರೇಲರ್ ಹಾಕಿ ಫೋನನ್ನು ಇವರ ಕೈಗಿಡುವರು. ಟ್ರೇಲರ್ ಮುಗಿಯುವ ಮೊದಲೇ ಇವರು ಫೋನ್ ವಾಪಸ್ ಕೊಟ್ಟರೆ ಆ ಚಿತ್ರ ಮಕಾಡೆ ಮಲಗಿತೆಂದೇ ಲೆಕ್ಕ. ಹೀರೋಗಳ ಅಭಿಮಾನಿಗಳು ಬೈದದ್ದೂ ಉಂಟು. ಕರಿಬಸವಯ್ಯನವರು ಅದಕ್ಕೆಲ್ಲ ಕೇರ್ ಮಾಡುವ ಕುಳವಲ್ಲ. ತಮ್ಮ ಕಾಲುಗಳಿಗೆ ಸಿಕ್ಕ ಈ ಮರ್ಯಾದೆ ಅವರಿಗೆ ಒಳಗೊಳಗೇ ಖುಷಿಯನ್ನೇ ಕೊಟ್ಟಿತ್ತು.

ಆ ಖುಷಿ ಇಳಿದದ್ದು ಮಗಳು ಜೀವಿತಾ ಫೋನ್ ಮಾಡಿದ ದಿನ. ಅವಳು ಸಿನಿಮಾ ಎಡಿಟರ್. ವರ್ಷಗಟ್ಟಲೆ ಇನ್ನೊಬ್ಬರ ಕೈಕೆಳಗೆ ದುಡಿದು, ಈಗ ಮೊದಲ ಸಲ ಸ್ವಂತವಾಗಿ ಒಂದು ಚಿತ್ರವನ್ನು ಕತ್ತರಿಸಿ ಜೋಡಿಸಿದ್ದಳು. ಸೆನ್ಸಾರ್‌ಗೆ ಕಳಿಸುವ ಮೊದಲು ಊರಲ್ಲೊಮ್ಮೆ ತೋರಿಸಬೇಕು, ಥಿಯೇಟರ್ ಯಜಮಾನ ಬಸವಕುಮಾರ್ ಬುಧವಾರ ಬೆಳಿಗ್ಗೆ ಪರದೆ ಬಿಟ್ಟುಕೊಡುತ್ತಾರೆ, ನೀವು ಬರಲೇಬೇಕು ಎಂದಳು.

ಕರಿಬಸವಯ್ಯನವರು ಫೋನಿಟ್ಟು ಲೆಕ್ಕ ಹಾಕಿದರು. ತಾನು ಎದ್ದರೆ ಬಸವಕುಮಾರ್ ಚಿತ್ರ ಹಾಕುವುದಿಲ್ಲ. ಬಸವಕುಮಾರ್ ಹಾಕದಿದ್ದರೆ ಉಳಿದ ಎರಡು ಊರಿನವರೂ ಹಾಕುವುದಿಲ್ಲ. ಮಗಳ ಮೊದಲ ಚಿತ್ರಕ್ಕೆ ಅಪ್ಪನ ಕಾಲೇ ಕಲ್ಲು ಹಾಕಿತು ಎಂದು ಊರು ನಗುತ್ತದೆ. ಏನಾದರಾಗಲಿ, ಏಳುವುದಿಲ್ಲ ಎಂದು ಹೆಂಡತಿ ಸರ್ವಮಂಗಳಮ್ಮನ ಮುಂದೆ ಶಪಥ ಮಾಡಿದರು.

“ನಿಮ್ ಕಾಲು ನಿಮ್ ಮಾತು ಕೇಳಿದ್ದು ಯಾವಾಗ ಕಣ್ರೀ?” ಎಂದಷ್ಟೇ ಹೇಳಿ ಆಕೆ ಒಲೆ ಕಡೆ ತಿರುಗಿದರು.

ಬುಧವಾರ ಅವರು ಕಾಫಿಯನ್ನೂ ಕುಡಿಯದೆ ಹೋಗಿ, ಅಂಚಿನ ಸೀಟು ಬಿಟ್ಟು ಸಾಲಿನ ನಟ್ಟನಡುವೆ ಕೂತರು. ಹಿಂದೆ ಬಸವಕುಮಾರ್, ಅತ್ತ ಕೊನೆಯಲ್ಲಿ ಜೀವಿತಾ. ಚಿತ್ರ ಶುರುವಾಯಿತು. ಬಸ್ ಕಂಡಕ್ಟರ್ ಒಬ್ಬ ಕೆಲಸ ಬಿಟ್ಟು ಊರಿಗೆ ಬರುವ ಕಥೆ. ಮೊದಲ ಹಾಡಿಗೇ ಅವರ ಬಲಗಾಲು ಕುಣಿಯತೊಡಗಿತು, ತಾಳಕ್ಕಲ್ಲ. ಎಡಗಾಲಿಂದ ಅದನ್ನು ಒತ್ತಿ ಹಿಡಿದರು. ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಪಂಚಾಕ್ಷರಿ ಜಪಿಸಿದರು. ಜಪ ನಡುವಲ್ಲೇ ತಪ್ಪಿ ಮಾರ್ಕೆಟ್ಟಿನ ಕೊಬ್ಬರಿ ರೇಟಿಗೆ ಹೋಯಿತು. ನಗಿಸಲೆಂದು ಬಂದವನೊಬ್ಬ ಪರದೆಯ ಮೇಲೆ ಬಿದ್ದು ಒದ್ದಾಡಿದ, ಇವರು ಸೀಟಿನಲ್ಲಿ ಒದ್ದಾಡಿದರು. ಕಂಡಕ್ಟರ್‌ನ ತಾಯಿ ಜಗಲಿಯ ಮೇಲೆ ಕೂತು ರಸ್ತೆ ನೋಡುವ ದೃಶ್ಯ ಬಂತು. ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಆಕೆ ಸುಮ್ಮನೆ ಕೂತೇ ಇದ್ದಳು. ಇವರು ಬಾಗಿಲ ಮೇಲಿನ ಕೆಂಪು ದೀಪ ನೋಡಿದರು, ಮತ್ತೆ ಪರದೆ ನೋಡಿದರು, ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡರು. ಆದರೂ ಏಳಲಿಲ್ಲ.

ಚಿತ್ರ ಮುಗಿದು ದೀಪ ಹತ್ತಿದಾಗ ಬಸವಕುಮಾರ್ ಓಡಿ ಬಂದು ಕೈ ಹಿಡಿದುಕೊಂಡರು.

“ಅಲ್ಲಾಡ್ದಂಗೆ ಕೂತಿದ್ರಲ್ಲ ಅಣ್ಣ. ಎರಡು ವಾರ ಹಾಕ್ತೀನಿ ಬುಡಿ.”

ಕರಿಬಸವಯ್ಯನವರ ಮೈಯೆಲ್ಲ ಬೆವರಿತ್ತು, ಆದರೂ ಗೆದ್ದೆನೆಂಬ ಹೆಮ್ಮೆ. ಮಗಳ ಮುಖ ನೋಡಿದರು. ಅದು ಬಾಡಿತ್ತು. ಅವಳು ಮನೆಗೆ ಬಂದು ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, ಅಪ್ಪನನ್ನು ಪಕ್ಕಕ್ಕೆ ಕರೆದಳು.

“ನಾನು ಪಿಕ್ಚರ್ ನೋಡ್ಲೇ ಇಲ್ಲ ಅಪ್ಪಾಜಿ, ನಿಮ್ಮನ್ನೇ ನೋಡ್ತಿದ್ದೆ. ನೀವು ಎಲ್ಲಿ ಏಳ್ತೀರಿ ಅಂತ ತಿಳ್ಕೊಳ್ಳೋಕೇ ಬಂದಿದ್ದು. ಕತ್ತರಿಸೋಕೆ ಇನ್ನೂ ಟೈಮಿದೆ. ನೀವು ನೋಡಿದ್ರೆ ಕಂಬದ ಥರ ಕೂತ್ಬುಟ್ರಿ. ಶುಕ್ರವಾರ ದುಡ್ಡು ಕೊಟ್ಟು ಬರೋರಿಗೆ ನಾನು ಮಗಳಲ್ಲ.”

ಕರಿಬಸವಯ್ಯನವರಿಗೆ ನಾಚಿಕೆಯಾಯಿತು. ಊರಿಗೆಲ್ಲ ಧಾರಾಳವಾಗಿ ಹೇಳಿದ ಭವಿಷ್ಯವನ್ನು, ಕೇಳಿ ಬಂದ ಮಗಳಿಂದ ಮುಚ್ಚಿಟ್ಟಿದ್ದರು. ಮೊದಲ ಹಾಡಿಗೇ ಕಾಲು ಎದ್ದಿತ್ತೆಂದು ಒಪ್ಪಿಕೊಂಡರು. ಜೀವಿತಾಳ ಮುಖದ ಮೇಲೆ ಮತ್ತೆ ಕಳೆ ಬಂತು. ಹಾಡಿನ ಅರ್ಧ ಹಾರಿಸಿದಳು. ನಗಿಸುವವನನ್ನು ಪೂರಾ ತೆಗೆದಳು. ಸರ್ವಮಂಗಳಮ್ಮ ಒಳಗಿನಿಂದ ಎರಡು ಸಲ ಊಟಕ್ಕೆ ಕರೆದರು, ಇಬ್ಬರಿಗೂ ಕಿವಿಯಿರಲಿಲ್ಲ. ಹೊತ್ತು ಮೂರು ದಾಟಿತು.

ಇನ್ನೆಲ್ಲಿ ಎಂದಳು ಮಗಳು. ಅವರು ಅನುಮಾನಿಸಿದರು. ಹೇಳಿಬಿಡಿ ಎಂದಳು.

“ಆ ಹೆಂಗ್ಸು ಜಗ್ಲಿ ಮೇಲೆ ಕೂತಿರ್ತಾಳಲ್ಲ, ಅಲ್ಲಿ. ಅಲ್ಲಂತೂ ಓಡೋಗ್ಬೇಕು ಅನ್ನುಸ್ತು. ಏನೂ ಆಗಾಕಿಲ್ಲ, ಸುಮ್ಕೆ ಕೂತಿರ್ತಾಳೆ. ಅಷ್ಟೊತ್ತು ಯಾಕವ್ವ ಬೇಕಿತ್ತು?”

ಜೀವಿತಾಳ ಬೆರಳು ನಿಂತಿತು. ತೆರೆಯ ಮೇಲೆ ಆ ಹೆಂಗಸು ಮೊಣಕಾಲಿಗೆ ಕೈ ಕಟ್ಟಿ ರಸ್ತೆ ನೋಡುತ್ತಿದ್ದಳು.

“ಅದು ಅಮ್ಮ, ಅಪ್ಪಾಜಿ. ನಾನು ಹೇಳಿದ್ದಕ್ಕೇ ಡೈರೆಕ್ಟರ್ ಅದನ್ನ ಶೂಟ್ ಮಾಡಿದ್ದು. ನೀವು ಈಗ ಬತ್ತೀನಿ ಅಂತ ಹೋಗ್ತಿದ್ರಲ್ಲ, ನಾನು ಅಮ್ಮನ ಪಕ್ಕ ಕೂತಿರ್ತಿದ್ದೆ. ಅಮ್ಮ ಕೂತಿರ್ತಿದ್ದದ್ದು ಇನ್ನೂ ಜಾಸ್ತಿ ಹೊತ್ತು. ನಾನು ಕಡಿಮೆ ಮಾಡೇ ಇಟ್ಟಿದೀನಿ.”

ಅವಳ ಮಾತಿನಲ್ಲಿ ದೂರಿರಲಿಲ್ಲ. ಅದೇ ಅವರಿಗೆ ಹೆಚ್ಚು ನೋವು ಕೊಟ್ಟಿತು. ಹಾಗಾದರೆ ಇರಲಿ ಬಿಡು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಉಳಿಸಿದರೆ ಜನ ಅಲ್ಲೇ ಏಳುತ್ತಾರೆ, ಅದು ಇವರಿಗೆ ಗೊತ್ತು. ತೆಗೆದರೆ ಸರ್ವಮಂಗಳ ಕಾದದ್ದೆಲ್ಲ ಅಳಿಸಿಹೋಗುತ್ತದೆ, ಅದೂ ಕಾಯಿಸಿದವನ ಬಾಯಿಂದಲೇ. ಮಗಳು ಅವರ ಮುಖವನ್ನೇ ನೋಡುತ್ತಾ, ತೆಗೆಯಲೇ ಎಂದು ಮೆಲ್ಲಗೆ ಕೇಳಿದಳು. ಈ ಸಲ ಸುಳ್ಳು ಹೇಳಲು ಅವರಿಗೆ ಮನಸ್ಸು ಬರಲಿಲ್ಲ.

“ತೆಗಿಯವ್ವ. ಪಿಕ್ಚರ್ ಓಡ್ಬೇಕಲ್ಲ.”

ಅವಳು ತೆಗೆದಳು. ಈಗ ಆ ಹೆಂಗಸು ಜಗಲಿಗೆ ಬಂದು ಕೂರುವಷ್ಟರಲ್ಲಿ ಬಸ್ಸು ಬಂದು ನಿಂತಿತು. ಚಿತ್ರಕ್ಕೆ ಅದು ಸರಿಯಾಗಿಯೇ ಇತ್ತು.

ಕರಿಬಸವಯ್ಯನವರಿಗೆ ಇನ್ನು ಕೂರಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಬಾಗಿಲಲ್ಲೇ ನಿಂತರು. ಹೇಳಬೇಕಾದದ್ದು ಬಹಳವಿತ್ತು. ಕೊನೆಗೆ, ಊಟ ಆಯ್ತಾ ಎಂದು ಕೇಳಿದರು.

ಸರ್ವಮಂಗಳಮ್ಮ ತಟ್ಟೆ ಮುಚ್ಚಿಟ್ಟಿದ್ದ ಮುದ್ದೆಯನ್ನು ಮುಟ್ಟಿ ನೋಡಿ, ಸಾರನ್ನು ಮತ್ತೆ ಒಲೆಯ ಮೇಲಿಟ್ಟರು.

“ನೀವು ಬರೋ ಮುಂಚೆ ನಾನ್ಯಾವತ್ತು ಉಂಡಿದೀನಿ ಕಣ್ರೀ?”