ಎರಡು ವರ್ಷದ ಎಣ್ಣೆ

ಗಂಡನ ಮೇಲಿನ ಸಿಟ್ಟನ್ನು ಹೆಂಡತಿಯಾದವಳು ಎಣ್ಣೆಯ ಡಬ್ಬದ ಮೇಲೆ ತೀರಿಸಿಕೊಂಡರೆ ಮನೆಯವರಿಗೆ ಅರ್ಥವಾಗುವುದಾದರೂ ಹೇಗೆ? ಇನ್ನಂಜೆಯ ಮನೆಯ ಜಗಲಿಯಲ್ಲಿ ಕುಶಲಾ ಆ ಡಬ್ಬವನ್ನು ಕಾಲಿನಿಂದ ಒದ್ದು ಮೂಲೆಗೆ ಸರಿಸಿದಾಗ ಅವಳ ತಾಯಿ ಅಕ್ಕು ಬಾಯಿಬಿಟ್ಟು ನೋಡುತ್ತ ನಿಂತಳು. ಫಾರಿನ್ ಡಬ್ಬವನ್ನು ಒದೆಯುವವರನ್ನು ಅವಳು ಈವರೆಗೆ ಕಂಡಿರಲಿಲ್ಲ.

ಡಬ್ಬ ಬಂದದ್ದು ಬಹರೈನಿನಿಂದ. ಕುಶಲಾಳ ಗಂಡ ಶೇಖರ ಅಲ್ಲಿ ಯಾವುದೋ ಕಂಪೆನಿಯ ಗೋಡೌನಿನಲ್ಲಿದ್ದ. ಎಂಬತ್ತನಾಲ್ಕರ ಮಾರ್ಚಿನಲ್ಲಿ ರಜೆಗೆ ಬಂದ ಶಂಕರಪುರದ ನರ್ಸ್ ಇಮೆಲ್ಡಾ ಬಾಯಿಯ ಕೈಯಲ್ಲಿ ಅದನ್ನು ಕಳಿಸಿದ್ದ, ಜೊತೆಗೊಂದು ಕ್ಯಾಸೆಟ್. ಗಲ್ಫಿನ ಗಂಡಂದಿರು ಕಾಗದ ಬರೆಯುವ ಕಷ್ಟ ಬಿಟ್ಟು ಕ್ಯಾಸೆಟಿನಲ್ಲಿ ಮಾತಾಡಿ ಕಳಿಸುತ್ತಿದ್ದ ಕಾಲ ಅದು.

ಕುಶಲಾ ಕೈ ಒರೆಸಿಕೊಂಡು, ತಲೆ ಬಾಚಿಕೊಂಡು, ಟೇಪ್ ರೆಕಾರ್ಡರಿನ ಮುಂದೆ ಕೂತಿದ್ದಳು. ಗಂಡನ ದನಿ ಕೇಳಲು ಯಾರಾದರೂ ತಲೆ ಬಾಚುತ್ತಾರೆಯೇ? ಅವಳು ಬಾಚಿದ್ದಳು.

"ಕಾರಿಗೆ ಇನ್ನು ಊರಿನ ಎಣ್ಣೆ ಹಾಕುವುದು ಬೇಡ," ಎಂದಿತು ಕ್ಯಾಸೆಟ್. "ಇದು ಸಿಂಥೆಟಿಕ್. ಫ್ಯಾಕ್ಟರಿಯಲ್ಲಿ ತಯಾರು ಮಾಡಿದ್ದು. ಊರಿನದ್ದು ಬೇಗ ಕಪ್ಪಾಗ್ತದೆ. ಇದನ್ನು ಒಮ್ಮೆ ಹಾಕಿದರೆ ನಮ್ಮ ಓಡಾಟಕ್ಕೆ ಎರಡು ವರ್ಷ ಬದಲಾಯಿಸಲಿಕ್ಕೆ ಇಲ್ಲ. ಅಣ್ಣು ಭಾವನ ಹತ್ತಿರ ಹೇಳು. ಹಾಕಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಶಬ್ದ ರೆಕಾರ್ಡ್ ಮಾಡಿ ಕಳಿಸು. ನಾನು ಕೇಳಿ ಹೇಳ್ತೇನೆ, ಸರಿ ಉಂಟಾ ಇಲ್ವಾ ಅಂತ. ನೀನು ಸೌಖ್ಯ ಅಂತ ಭಾವಿಸ್ತೇನೆ."

ಮುಗಿಯಿತು. ಮೇ ತಿಂಗಳ ಸುದ್ದಿಯೇ ಇರಲಿಲ್ಲ.

ಕುಶಲಾ ಬದುಕುತ್ತಿದ್ದುದೇ ಮೇ ತಿಂಗಳಿಗಾಗಿ. ಪ್ರತಿ ಮೇಯಲ್ಲಿ ಶೇಖರ ಬರುವುದು, ಬಂದ ಮಾರನೆಯ ದಿನವೇ ಅಂಗಳದಲ್ಲಿ ಗೋಣಿ ಹಾಸಿ ಆ ಹಳೆಯ ಫಿಯೆಟ್ಟಿನ ಅಡಿಗೆ ನುಗ್ಗುವುದು, ಕಪ್ಪು ಎಣ್ಣೆ ಇಳಿಸಿ ಹೊಸತು ತುಂಬಿಸುವುದು. ಮಣಿಪಾಲದ ಡಾಕ್ಟರೊಬ್ಬರಿಂದ ಕೊಂಡ ಕಾರು ಅದು. ಮನೆಯೊಳಗೆ ಮೂಗನ ಹಾಗಿರುವ ಈ ಮನುಷ್ಯನಿಗೆ ಕಾರಿನ ಅಡಿ ಸೇರಿದರೆ ಮಾತು ಬರುತ್ತಿತ್ತು. ಕುಶಲಾ ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂರುತ್ತಿದ್ದಳು. ಕಾಣುತ್ತಿದ್ದುದು ಅವನ ಎರಡು ಕಾಲು ಮಾತ್ರ. ಕಳೆದ ವರ್ಷ ಆ ಕಾಲುಗಳು ಹೇಳಿದ್ದವು, "ಬರುವ ಮೇಯಲ್ಲಿ ಕಾಂಟ್ರಾಕ್ಟ್ ಮುಗೀತದೆ. ಮತ್ತೆ ಹೋಗುವುದಿಲ್ಲ. ಕಾಪುವಿನಲ್ಲಿ ಒಂದು ಅಂಗಡಿ ಹಾಕುವ." ವರ್ಷವಿಡೀ ಅವಳು ಆ ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ಓಡಾಡಿದ್ದಳು.

ಈಗ ಎರಡು ವರ್ಷ ಬದಲಾಯಿಸಬೇಕಿಲ್ಲದ ಎಣ್ಣೆ! ಮೇಯಲ್ಲಿ ಬರುವವನಿಗೆ ಮಾರ್ಚಿನಲ್ಲಿ ಎಂಥ ಅವಸರ?

ಸಂಜೆ ಬಂದ ಅವಳ ಅಣ್ಣ ಅಣ್ಣುವಿಗೆ ಮಾತ್ರ ಹಬ್ಬ. "ಸಿಂಥೆಟಿಕ್ ಮಾರಾಯ್ತಿ! ನೋಡಲಿಕ್ಕೆ ಜೇನಿನ ಹಾಗೆ ಉಂಟು. ನಾಳೆಯೇ ಹಾಕುವ."

"ಬೇಡ. ಸಾದಾ ಎಣ್ಣೆಯೇ ಸಾಕು."

"ನಿನಗೆ ಎಂತ ಮರುಳಾ? ಹಳೆ ಇಂಜಿನಿಗೆ ಇದು ಹಾಕಿದ್ರೆ ಸೀಲ್ ಸೋರ್ತದೆ ಅಂತ ಕಾರ್ಕಳದಲ್ಲಿ ಒಬ್ಬ ಮೆಕ್ಯಾನಿಕ್ ಹೇಳ್ತಿದ್ದ. ಅದಕ್ಕಾ?"

"ಸೋರಿದರೆ ಸೋರಲಿ. ಅದಕ್ಕಲ್ಲ."

ಮರುದಿನ ಬೆಳಿಗ್ಗೆ ಅವಳು ನೇರ ಶಂಕರಪುರಕ್ಕೆ ನಡೆದಳು. ಇಮೆಲ್ಡಾ ಬಾಯಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು.

"ಬಾಯಿ, ಅವರು ಮೇಯಲ್ಲಿ ಬರ್ತಾರಾ?"

ಇಮೆಲ್ಡಾ ಒದ್ದೆ ಬಟ್ಟೆಯನ್ನು ಬಕೆಟಿಗೆ ಹಾಕಿದಳು. "ನಿನಗೆ ಹೇಳ್ಲಿಲ್ವಾ? ಇನ್ನೆರಡು ವರ್ಷಕ್ಕೆ ಸೈನ್ ಹಾಕಿ ಆಯ್ತಲ್ಲ. ಕ್ಯಾಸೆಟಿನಲ್ಲಿ ಹೇಳಿರಬಹುದು ಅಂತ ನಾನು ಗ್ರಹಿಸಿದ್ದು." ಆಮೇಲೆ ಸಮಾಧಾನಕ್ಕೆಂದು ಇನ್ನೊಂದು ಮಾತು ಸೇರಿಸಿದಳು. "ಇಷ್ಟು ಭಾರದ ಡಬ್ಬ ಯಾಕೆ ಶೇಖರಣ್ಣ ಅಂತ ನಾನೇ ಕೇಳಿದೆ. ನಾನು ಊರಿಗೆ ಹೋಗದಿದ್ರೂ ಕಾರಿಗೆ ತೊಂದರೆ ಆಗಬಾರದು ಬಾಯಿ, ಅಂದ್ರು. ಎಷ್ಟು ಕಾಳಜಿ ನೋಡು!"

ಕುಶಲಾಳ ಮೈಯೆಲ್ಲ ಉರಿದುಹೋಯಿತು. ಕಾರಿಗೆ ತೊಂದರೆ ಆಗಬಾರದಂತೆ, ಕಾರಿಗೆ! ಬಾರದೆ ಇರುವುದಕ್ಕೆ ಈ ಮನುಷ್ಯ ವ್ಯವಸ್ಥೆ ಮಾಡಿದ್ದಾನೆ, ಅದೂ ಡಬ್ಬದಲ್ಲಿ ತುಂಬಿಸಿ. ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ಅತ್ತು ಸುಮ್ಮನಾಗುತ್ತಿದ್ದಳೇನೋ. ಎಣ್ಣೆಯ ವಿಷಯ ಅಷ್ಟುದ್ದ ಮಾತಾಡಿದ ನಾಲಿಗೆಗೆ ಆ ಒಂದು ಮಾತು ಭಾರವಾಯಿತೇ?

ಅವಳು ಮನೆಗೆ ಹೋಗಲಿಲ್ಲ. ಉಡುಪಿಯ ಬಸ್ಸು ಹತ್ತಿದಳು. ಸ್ಪೇರ್ ಪಾರ್ಟ್ಸಿನ ಅಂಗಡಿಯವನು ಸಾದಾ ಎಣ್ಣೆಯ ಡಬ್ಬ ಮುಂದಿಟ್ಟು, "ಇದು ಆಗಾಗ ಬದಲಾಯಿಸ್ತಾ ಇರಬೇಕು ಅಕ್ಕ, ಕಾರು ನಿಂತಲ್ಲೇ ಇದ್ದರೂ ಕೂಡ," ಎಂದ.

"ಅದೇ ಬೇಕು," ಎಂದಳು ಕುಶಲಾ.

ಮಧ್ಯಾಹ್ನದ ಬಿಸಿಲಿಗೆ ಅಂಗಳದಲ್ಲಿ ಗೋಣಿ ಹಾಸಿ, ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಅವಳು ಫಿಯೆಟ್ಟಿನ ಅಡಿಗೆ ನುಗ್ಗಿದಳು. "ಅಯ್ಯೋ, ನೆರೆಯವರು ನೋಡ್ತಾರೆ!" ಎಂದು ಅಕ್ಕು ಬೊಬ್ಬೆ ಹೊಡೆದಳು. "ನೋಡಲಿ," ಎಂದಿತು ಕಾರಿನ ಅಡಿಯಿಂದ ದನಿ. ಬೋಲ್ಟ್ ಮೊದಲು ಹಟ ಮಾಡಿತು. ಅವಳ ಹಟದ ಮುಂದೆ ಅದರದ್ದು ನಡೆಯಲಿಲ್ಲ. ಕಪ್ಪು ಎಣ್ಣೆ ಮೊಣಕೈವರೆಗೆ ಇಳಿದು ರವಿಕೆಗೆ ಹತ್ತಿತು. ಬೋಲ್ಟ್ ಬಿಗಿದು ಹೊರಬಂದು ಹೊಸ ಎಣ್ಣೆ ತುಂಬಿಸಿದಳು. ಅಣ್ಣು ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ.

"ಟೇಪ್ ರೆಕಾರ್ಡರ್ ತಾ," ಎಂದಳು. ಅದನ್ನು ಎದೆಯ ಮೇಲಿಟ್ಟುಕೊಂಡು ಮತ್ತೆ ಗೋಣಿಯ ಮೇಲೆ ಮಲಗಿ ಕಾರಿನ ಅಡಿಗೆ ಸರಿದಳು. ಅವನು ಕಳಿಸಿದ ಕ್ಯಾಸೆಟನ್ನೇ ಹಾಕಿ, ಅವನ ಮಾತಿನ ಮೇಲೆಯೇ ರೆಕಾರ್ಡ್ ಗುಂಡಿ ಒತ್ತಿದಳು.

"ಊರಿನ ಎಣ್ಣೆಯೇ ಹಾಕಿದ್ದೇನೆ. ಆಗಾಗ ಬದಲಾಯಿಸಬೇಕಂತೆ. ಬದಲಾಯಿಸಲಿಕ್ಕೆ ನನಗೆ ಬರ್ತದೆ. ನಿಮ್ಮ ಡಬ್ಬ ಇಮೆಲ್ಡಾ ಬಾಯಿಯ ಹತ್ತಿರ ವಾಪಸು ಬರ್ತದೆ. ಎರಡು ವರ್ಷ ಯಾರೂ ತಿರುಗಿ ನೋಡದೆ ಇದ್ದರೂ ಹಾಳಾಗದೆ ಇರಲಿಕ್ಕೆ ನನಗೆ ಗೊತ್ತಿಲ್ಲ. ನೀವು ಕಳೆದ ವರ್ಷ ಇಲ್ಲಿಯೇ ಮಲಗಿ ಒಂದು ಮಾತು ಹೇಳಿದ್ರಿ. ನಾನು ಕೇಳಿದ್ದೇನೆ."

ಅಣ್ಣು ಬಗ್ಗಿ ಪಿಸುಗುಟ್ಟಿದ. "ಇಂಜಿನ್ ಸ್ಟಾರ್ಟ್ ಮಾಡಲಾ? ಭಾವ ಶಬ್ದ ಕೇಳಬೇಕು ಅಂದಿದ್ರಲ್ಲ?"

"ತಡಿ," ಎಂದಳು ಕುಶಲಾ. ಟೇಪನ್ನು ಪೂರ್ತಿ ನಿಲ್ಲಿಸಿ, ಕ್ಯಾಸೆಟ್ ಹೊರಗೆ ತೆಗೆದು, ಎದ್ದು ಬಂದಳು. "ಈಗ ಮಾಡು."