ಎರಡು ತೂತು

ಕಟ್ಟೆಮಳಲವಾಡಿಯ ದೇವರಾಜುವಿಗೆ ಐವತ್ತು ದಾಟಿದ ಮೇಲೆ ಹಿಡಿದ ಹುಚ್ಚು ಅದು. ಹೊಗೆಸೊಪ್ಪು ಬೆಳೆಯುವ ಮನುಷ್ಯನಿಗೆ ಒಂದು ಟ್ರ್ಯಾಕ್ಟರ್ ಇದ್ದರೆ ಸಾಲದೇ? ಇವನು ಹೋಗಿ ಹೋಗಿ ಕೊಡಗಿನ ಕಾಫಿ ತೋಟವೊಂದರ ಕೊಟ್ಟಿಗೆಯಲ್ಲಿ ಕೋಳಿ ಹಿಕ್ಕೆ ಹೊತ್ತುಕೊಂಡು ಬಿದ್ದಿದ್ದ ಎಂ.ಜಿ. ಕಾರಿಗೆ ಮನಸೋತ. ಅರವತ್ತು ವರ್ಷ ಹಿಂದಿನ ಓಟದ ಗಾಡಿ. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ. ಎಂಜಿನ್ ಸತ್ತು ಎಷ್ಟು ಕಾಲವಾಗಿತ್ತೋ ತೋಟದವರಿಗೇ ಗೊತ್ತಿರಲಿಲ್ಲ. ಅದನ್ನು ಲಾರಿಯ ಮೇಲೆ ಹೇರಿಕೊಂಡು ಬಂದು, ಹೊಗೆಸೊಪ್ಪು ಬೇಯಿಸುವ ಹಳೇ ಬ್ಯಾರನ್ನಿನ ಗೋಡೆ ಒಡೆಸಿ ಒಳಗೆ ನಿಲ್ಲಿಸಿದ.

ಹೆಂಡತಿ ಭಾಗ್ಯ ಒಂದು ಸುತ್ತು ಬಂದು ನೋಡಿ, "ಇದ್ರಲ್ಲಿ ಎರಡು ಮೂಟೆ ಗೊಬ್ರನಾದ್ರೂ ತರ್ಬೋದಾ?" ಎಂದು ಕೇಳಿದಳು. ದೇವರಾಜುವಿಗೆ ಎರಡು ದಿನ ಊಟ ಸೇರಲಿಲ್ಲ.

ಹುಚ್ಚಿಗೆ ಜೊತೆಗಾರರು ಬಲುಬೇಗ ಸಿಗುತ್ತಾರೆ. ಹುಣಸೂರಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದ ಶಶಿಕುಮಾರ್ ಮೊದಲು ಬಂದ. ಅವನ ಬೆನ್ನಿಗೆ ಪಿರಿಯಾಪಟ್ಟಣದ ಕಾಲೇಜು ಮೇಷ್ಟ್ರು ಬಸವರಾಜು, ಕೆ.ಆರ್. ನಗರದ ಅಕ್ಕಿ ಗಿರಣಿಯ ಉಮಾಶಂಕರ. ಮೂವರೂ ಹಳೇ ಗಾಡಿ ಎಂದರೆ ಪ್ರಾಣ ಬಿಡುವವರು. ಪ್ರತಿ ಭಾನುವಾರ ಬ್ಯಾರನ್ನಿಗೆ ಹಾಜರ್. ಸುಳ್ಳು ಹೇಳಬಾರದು, ಮೈಮುರಿದು ದುಡಿದರು. ಭಾಗ್ಯ ಮಾಡಿದ ನಾಟಿಕೋಳಿ ಸಾರು, ಮುದ್ದೆಯನ್ನೂ ಅಷ್ಟೇ ಶ್ರದ್ಧೆಯಿಂದ ಉಂಡರು. ಅವರಿಗಿದ್ದದ್ದು ಒಂದೇ ಮಂತ್ರ: ಒರಿಜಿನಲ್. ಗಾಡಿ ಹುಟ್ಟಿದಾಗ ಹೇಗಿತ್ತೋ ಹಾಗೇ ಇರಬೇಕು. ಒಂದು ಬೋಲ್ಟು ಬೇರೆಯಾದರೂ ಮೂವರ ಮುಖ ಸೂತಕದ ಮನೆಯಾಗುತ್ತಿತ್ತು. ದೇವರಾಜುವೂ ಅದೇ ಮಠದ ಶಿಷ್ಯ.

ಒಂದು ಭಾನುವಾರ ಗಾಡಿಯನ್ನು ಜಾಕಿನ ಮೇಲೆ ಎತ್ತಿದ್ದರು. ಅಡಿಗೆ ಮರದ ದಿಮ್ಮಿ ಕೊಡೋಣ ಎಂದು ದೇವರಾಜು ಹೇಳಿದ.

"ಐದು ನಿಮಿಷದ ಕೆಲ್ಸ ಬುಡಣ್ಣ. ದಿಮ್ಮಿ ಇಟ್ರೆ ಒಸ ಬಣ್ಣ ಗೀಚೋಯ್ತದೆ" ಎಂದ ಶಶಿ.

ದೇವರಾಜು ಅಡಿಯಲ್ಲಿ ತೂರಿದ. ಬ್ಯಾರನ್ನಿನ ಮಣ್ಣು ನೆಲದಲ್ಲಿ ಜಾಕು ಜಾರಿತು. ಬಣ್ಣಕ್ಕೆ ಗೀರು ಬೀಳಲಿಲ್ಲ. ದೇವರಾಜುವಿನ ಎಡಗಾಲು ಉಳಿಯಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಕಾಲನ್ನು ಮಂಡಿಯ ಮೇಲೆ ಕತ್ತರಿಸಿ ತೆಗೆದರು. ಎಚ್ಚರವಾದಾಗ ಎದುರಿಗೆ ಶಶಿಯ ಮುಖವಿತ್ತು. ಅವನು ಕಿವಿಯ ಹತ್ತಿರ ಬಗ್ಗಿ, "ಏನೂ ಚಿಂತೆ ಮಾಡ್ಬ್ಯಾಡ ಕಣಣ್ಣ. ಗಾಡಿಗೆ ಏನೂ ಆಗಿಲ್ಲ" ಎಂದ. ಅಲ್ಲೇ ನಿಂತಿದ್ದ ಭಾಗ್ಯ, ಎಲ್ಲಿ ಬಾರಿಸಿಬಿಡುತ್ತೇನೋ ಎಂದು ತನ್ನ ಕೈಯನ್ನು ತಾನೇ ನಂಬದೆ ಹೊರಗೆ ನಡೆದಳು. ದೇವರಾಜುವಿಗೆ ಮಾತ್ರ ಒಂದು ಗಳಿಗೆ ಸಮಾಧಾನವಾಯಿತು. ಆಮೇಲೆ ಆ ಸಮಾಧಾನವನ್ನು ನೆನೆದು ತನ್ನ ಮೇಲೇ ಹೇಸಿಗೆಯಾಯಿತು.

ಮಂಚದ ಮೇಲೆ ಬಿದ್ದಿದ್ದ ತಿಂಗಳುಗಳಲ್ಲಿ ಅವನನ್ನು ಹಿಡಿದಿಟ್ಟದ್ದು ಒಂದೇ ಆಸೆ. ಆ ಗಾಡಿಯನ್ನು ತಾನೇ ಓಡಿಸಬೇಕು. ಹುಣಸೂರಿನ ದಾರಿಯಲ್ಲಿ, ತನ್ನ ಕೈಯಲ್ಲೇ ಸ್ಟೇರಿಂಗ್ ಹಿಡಿದು, ಒಂದೇ ಒಂದು ಸಲ. ಬದುಕುವುದಕ್ಕೆ ಬೇರೆ ನೆಪ ಅವನಿಗೆ ಸಿಗಲಿಲ್ಲ. ಹುಡುಕಲೂ ಇಲ್ಲ.

ಅಷ್ಟರಲ್ಲಿ ಗೆಳೆಯರು, ಬ್ಯಾರನ್ನಿನಲ್ಲಿ ತೇವ ಜಾಸ್ತಿ ಎಂದು ಗಾಡಿಯನ್ನು ಶಶಿಯ ಶೆಡ್ಡಿಗೆ ಸಾಗಿಸಿದ್ದರು. ಕೆಲಸ ಮುಗಿಯಿತು, ಎಂಜಿನ್ ಗುಡುಗಿತು. ದೇವರಾಜು ಊರುಗೋಲು ಊರಿಕೊಂಡು ಹುಣಸೂರಿಗೆ ಹೋದ. ಕೆಂಪಗೆ ಮಿರುಗುತ್ತಿದ್ದ ಗಾಡಿಯ ಮೈ ಸವರಿ, ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಆಡಿದ: ಕ್ಲಚ್ಚು ಒತ್ತಲು ಎಡಗಾಲಿಲ್ಲ. ಸಂತೆಮಾಳದ ಹತ್ತಿರದ ವೆಲ್ಡರು, ಕಾಲಿಲ್ಲದವರ ಕಾರಿಗೆ ಕೈಯಲ್ಲಿ ಎಳೆಯುವ ಸರಳು ಹಾಕಿಕೊಡುತ್ತಾನೆ. ಹೆಚ್ಚೇನಿಲ್ಲ, ಗೇರಿನ ಪಕ್ಕದ ತಗಡಿನಲ್ಲಿ ಎರಡು ತೂತು ಹೊಡೆದರೆ ಆಯಿತು.



"ತೂತಾ?" ಎಂದ ಉಮಾಶಂಕರ.

"ಒಂದ್ಸಲ ತೂತು ಬಿದ್ರೆ ಮುಗೀತು ಅಣ್ಣ. ಆಮೇಲೆ ಅದು ಒರಿಜಿನಲ್ ಅಲ್ಲ" ಎಂದು ಬಸವರಾಜು ಪಾಠ ಹೇಳುವ ದನಿಯಲ್ಲಿ ಹೇಳಿದ.

"ನಾನೂ ಈಗ ಒರಿಜಿನಲ್ ಅಲ್ವಲ್ಲಪ್ಪ" ಎಂದ ದೇವರಾಜು.

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ನಗಿಸಲು ಹೇಳಿರಲಿಲ್ಲ.

"ನಿಂಗ್ಯಾಕಣ್ಣ ಆ ತಾಪತ್ರಯ? ನೀನು ಪಕ್ಕದಲ್ಲಿ ರಾಜನಂಗೆ ಕೂತ್ಕೊ. ನಾನು ಓಡಿಸ್ತೀನಿ" ಎಂದು ಶಶಿ ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡ. ಗಾಡಿ ಯಾರದು ಎಂದು ಕೇಳುವ ಧೈರ್ಯ ದೇವರಾಜುವಿಗೆ ಆವತ್ತು ಬರಲಿಲ್ಲ. ದುಡಿದವರ ಎದುರು ಮಲಗಿದ್ದವನ ನಾಲಗೆ ಏಳುವುದಿಲ್ಲ.

ಮೈಸೂರಿನಲ್ಲಿ ಹಳೇ ಗಾಡಿಗಳ ಮೆರವಣಿಗೆ ನಡೆದಾಗ ಶಶಿ ಓಡಿಸಿದ, ದೇವರಾಜು ಪಕ್ಕದಲ್ಲಿ ಕೂತ. ಎರಡು ಸೀಟಿನ ಗಾಡಿಯಲ್ಲಿ ಊರುಗೋಲಿಗೆ ಜಾಗವಿರಲಿಲ್ಲ. ಅವು ಉಮಾಶಂಕರನ ಜೀಪಿನಲ್ಲಿ ಹಿಂದೆ ಬರುತ್ತಿದ್ದವು, ಜೀಪು ದಾರಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಎಲ್ಲರೂ ಗಾಡಿ ಇಳಿದು, ಕಾಫಿ ಕುಡಿದು, ಕೈ ಕುಲುಕಿ ಮುಗಿಸುವವರೆಗೆ ದೇವರಾಜು ಬಿಸಿಲಿನಲ್ಲಿ ಸೀಟಿಗೆ ಅಂಟಿಕೊಂಡು ಕೂತಿದ್ದ. ಬಂದವರು ಗಾಡಿಯ ಪಟ ತೆಗೆಯಲು, ಸ್ವಲ್ಪ ಆ ಕಡೆ ವಾಲಿ ಸಾರ್ ಎಂದು ಅವನಿಗೆ ಹೇಳುತ್ತಿದ್ದರು.

ಬಹುಮಾನ ಬಂತು. ಶಶಿ ಬೆಳ್ಳಿ ಬಣ್ಣದ ಟ್ರೋಫಿ ಎತ್ತಿ ಹಿಡಿದು ಮೈಕಿನ ಮುಂದೆ ನಿಂತ. "ಈ ಗಾಡಿಗೋಸ್ಕರ ನಮ್ಮ ದೇವರಾಜಣ್ಣ ಒಂದು ಕಾಲನ್ನೇ ಕೊಟ್ಟವ್ರೆ! ಆದ್ರೂ ಇದ್ರ ಮೈಗೆ ಒಂದು ತೂತು ಹೊಡ್ಯಕ್ಕೂ ಅವ್ರು ಒಪ್ಪಲಿಲ್ಲ!"

ಚಪ್ಪಾಳೆ ಬಿತ್ತು. ದೇವರಾಜು ಕೈಮುಗಿದ. ಜನ ಅದನ್ನು ಸಂತೋಷ ಎಂದುಕೊಂಡರು.

ಮುಂದಿನ ಭಾನುವಾರ ಊರಿನಲ್ಲಿ ಗಾಡಿಗೆ ಪೂಜೆ. ಬ್ಯಾರನ್ನಿನ ಮುಂದೆ ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಹಾರ ಹಾಕಿ, ಭಾಗ್ಯಳ ಕೈಯಲ್ಲಿ ಆರತಿ ಎತ್ತಿಸಿದರು. ಮಂಗಳಾರತಿ ಮುಗಿದ ಮೇಲೆ ದೇವರಾಜು, "ನನ್ನನ್ನ ಓಡಿಸೋ ಸೀಟಲ್ಲಿ ಕೂರಿಸ್ರಪ್ಪ" ಎಂದ.

"ಪಟಕ್ಕೆ ಚೆನ್ನಾಗಿರ್ತದೆ" ಎಂದು ಶಶಿ ತಾನೇ ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸಿದ. ಬಸವರಾಜು ಮೊಬೈಲು ಹಿಡಿದ.

"ತತ್ತಾ ಭಾಗ್ಯ" ಎಂದ ದೇವರಾಜು.

ಭಾಗ್ಯ ಪಂಪ್‌ಸೆಟ್ ಮನೆಯಿಂದ ವೈರು ಎಳೆದುಕೊಂಡು ಬಂದು ಅವನ ಕೈಗೆ ಡ್ರಿಲ್ ಮೆಷಿನ್ನು ಕೊಟ್ಟಳು. ಮೂವರಿಗೆ ಅರ್ಥವಾಗುವುದರೊಳಗೆ ಅದು ಕಿರುಚಿತು. ಗೇರಿನ ಪಕ್ಕದ ತಗಡಿನಿಂದ ಕೆಂಪು ಬಣ್ಣ ಸುರುಳಿ ಸುರುಳಿಯಾಗಿ ಎದ್ದಿತು. ಬಸವರಾಜು ನುಗ್ಗಿದ. ಭಾಗ್ಯ ಗಂಡನ ಊರುಗೋಲನ್ನೇ ಎತ್ತಿಕೊಂಡು ಅಡ್ಡ ನಿಂತಳು.

"ಒಬ್ರು ಅತ್ರ ಬಂದ್ರೆ ಮಂಡೆ ಬಿಚ್ಚೋಗ್ತದೆ. ನಿಂತ್ಕಳಿ ಅಲ್ಲೇ!"

ಒಂದು ತೂತು. ಇನ್ನೊಂದು. ಎರಡೂ ವೆಲ್ಡರು ಹೇಳಿದ ಜಾಗದಲ್ಲೇ ಬಿದ್ದವು. ಇನ್ನು ಸರಳು ತೊಡಿಸಿದರೆ ನಾಳೆಯೇ ಹುಣಸೂರಿನ ದಾರಿ. ದೇವರಾಜು ಮೆಷಿನ್ನು ನಿಲ್ಲಿಸಿ ತಲೆ ಎತ್ತಿದ.

ಶಶಿ ಅಳುತ್ತಿದ್ದ. ಹೆತ್ತ ಮಗುವನ್ನು ಮಣ್ಣು ಮಾಡಿದವನ ಹಾಗೆ, ಬಾಯಿ ತೆರೆದು, ಮೂಗು ಸೋರಿಸಿಕೊಂಡು ಅಳುತ್ತಿದ್ದ. ಜಾಕು ಜಾರಿದಾಗ ಬಾರದ, ಆಸ್ಪತ್ರೆಯಲ್ಲಿ ಬಾರದ, ಮೈಕಿನ ಮುಂದೆ ಕೂಡ ಬಾರದ ಕಣ್ಣೀರು ಈಗ ಅಂಗಿಯ ಮೇಲೆ ಇಳಿಯುತ್ತಿತ್ತು. ದೇವರಾಜು ಅದನ್ನು ಕಣ್ತುಂಬ ನೋಡಿದ. ಹಸಿದವನಿಗೆ ಮೊದಲ ತುತ್ತು ಸಿಕ್ಕ ಹಾಗಾಯಿತು.

ಮೂರನೆಯ ತೂತು ಬೇಕಿರಲಿಲ್ಲ. ಅದನ್ನು ಮೀಟರುಗಳ ನಡುವೆ ಹೊಡೆದ. ನಾಲ್ಕನೆಯದನ್ನು ಬಾಗಿಲಿಗೆ. ಆಮೇಲೆ ಮುಂದಕ್ಕೆ ಬಾಗಿ ಕೈಗೆಟುಕಿದ ಕಡೆಯೆಲ್ಲ ಮೆಷಿನ್ನು ಊರಿದ. ಗಾಜು ಚಿಟಿಲ್ಲೆಂದಿತು, ವೈರುಗಳು ಹರಿದು ಸುಟ್ಟ ವಾಸನೆ ಬಂತು.

"ಸಾಕು ಬುಡೀಂದ್ರೆ! ನೀವು ಓಡಿಸ್ಬೇಕಲ್ವಾ ಅದ್ನ?" ಎಂದು ಈಗ ಭಾಗ್ಯಳೇ ಊರುಗೋಲು ಬಿಸಾಕಿ ಬೇಡಿಕೊಂಡಳು. ಓಡಿಸುವುದು ಅವನಿಗೆ ಮರೆತೇಹೋಗಿತ್ತು.

ಶಶಿ ಕುಸಿದು ಕೂತು, ಹಾರ ಹಾಕಿದ ಮುಂದಿನ ಬಂಪರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ.

"ಕಟುಕ ಕಣಣ್ಣ ನೀನು" ಎಂದು ಬಿಕ್ಕಿದ. "ಪಾಪ, ಈ ಗಾಡಿ ನಿಂಗೇನ್ ಮಾಡಿತ್ತು?"

ದೇವರಾಜು ಮೆಷಿನ್ನಿನ ಗುಂಡಿಯನ್ನು ಮತ್ತೆ ಒತ್ತಿದ.